ಆರೈಕೆ ಮಾಡುವವರನ್ನೂ ಮರೆಯದ ಸಿಸಿಲಿ ಸಾಂಡರ್ಸ್

ಫ್ಲಾರೆನ್ಸ್ ನೈಟಿಂಗೇಲ್ ಹೆಸರು ನಮಗೆಲ್ಲ ಶಾಲೆಯ ಪಾಠದಿಂದಲೇ ಗೊತ್ತು. ಅವರು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಕಟ್ಟಿದ ಶಾಲೆಯಲ್ಲೇ ನರ್ಸಿಂಗ್ ಕಲಿತ ಇನ್ನೊಬ್ಬ ಮಹಿಳೆಯನ್ನು ನಮ್ಮ ವೇದಿಕೆಯ ಗೆಳತಿಯರಿಗೆ ಪರಿಚಯಿಸಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಅವರೇ ಡೇಮ್ ಸಿಸಿಲಿ ಸಾಂಡರ್ಸ್. ಗುಣವಾಗದ ಕಾಯಿಲೆಯವರ ನೋವು ತಗ್ಗಿಸಿ, ಕೊನೆಯ ದಿನಗಳನ್ನು ನೆಮ್ಮದಿಯಿಂದ ಕಳೆಯುವಂತೆ ನೋಡಿಕೊಳ್ಳುವ ಇಂದಿನ ಹಾಸ್ಪೈಸ್‌ಗಳಿಗೆ ಬುನಾದಿ ಹಾಕಿದವರು.

ಸಿಸಿಲಿ ಹುಟ್ಟಿದ್ದು 1918ರಲ್ಲಿ, ಲಂಡನ್ನಿನ ಉತ್ತರಕ್ಕಿರುವ ಬಾರ್ನೆಟ್‌ನಲ್ಲಿ. ಅನುಕೂಲಸ್ಥರ ಮನೆ. ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದಾಗ ಎರಡನೇ ಮಹಾಯುದ್ಧ ಶುರುವಾಯಿತು. ಓದನ್ನು ಬದಿಗಿಟ್ಟು 1940ರಲ್ಲಿ ನರ್ಸಿಂಗ್‌ಗೆ ಸೇರಿದರು. ಆದರೆ ಬೆನ್ನುನೋವು ಆ ಕೆಲಸದಲ್ಲಿ ಮುಂದುವರಿಯಲು ಬಿಡಲಿಲ್ಲ. ಆಸ್ಪತ್ರೆ ಬಿಡಲು ಮನಸ್ಸಾಗದೆ, ರೋಗಿಗಳ ಮನೆಯ ಕಷ್ಟಸುಖ ವಿಚಾರಿಸುವ ಸಮಾಜ ಕಾರ್ಯಕರ್ತೆಯಾಗಿ ಮರಳಿ ಬಂದರು.

ಆ ಕೆಲಸದಲ್ಲಿದ್ದಾಗ ಅವರಿಗೆ ಡೇವಿಡ್ ತಸ್ಮಾ ಎಂಬ ರೋಗಿಯ ಪರಿಚಯವಾಯಿತು. ಪೋಲೆಂಡಿನಿಂದ ಬಂದ ಯಹೂದಿ, ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವರು. ವಯಸ್ಸು ಇನ್ನೂ 40, ಆಗಲೇ ಕ್ಯಾನ್ಸರ್ ಕೈಮೀರಿತ್ತು. ಹತ್ತಿರದವರು ಯಾರೂ ಇಲ್ಲದ ಆ ಮನುಷ್ಯನ ಬಳಿ ಕೂತು ಸಿಸಿಲಿ ಮಾತಾಡುತ್ತಿದ್ದರು. ಇಂಥವರಿಗಾಗಿಯೇ ಒಂದು ಮನೆ ಇದ್ದರೆ ಹೇಗಿರಬೇಕು ಎಂಬ ಯೋಚನೆ ಆ ಮಾತುಕತೆಯಲ್ಲೇ ಮೊಳೆಯಿತು. 1948ರಲ್ಲಿ ತೀರಿಕೊಳ್ಳುವಾಗ ತಸ್ಮಾ ಆ ಮನೆಗೆಂದು 500 ಪೌಂಡ್ ಬಿಟ್ಟುಹೋದರು.

ಅದು ಕಟ್ಟಡವಾಗಿ ಏಳಲು 19 ವರ್ಷ ಹಿಡಿಯಿತು. ಸಾಯುವವರ ನೋವಿನ ವಿಷಯದಲ್ಲಿ ವೈದ್ಯರು ಕಿವಿಗೊಡಬೇಕಾದರೆ ತಾನೂ ವೈದ್ಯೆಯಾಗಬೇಕು ಎಂದು ಒಬ್ಬ ಸರ್ಜನ್ ಕೊಟ್ಟ ಸಲಹೆ ಸಿಸಿಲಿಯವರಿಗೆ ಸರಿಯೆನಿಸಿತು. 33ರ ವಯಸ್ಸಿನಲ್ಲಿ ಮೆಡಿಕಲ್ ಕಾಲೇಜು ಸೇರಿ, 1957ರಲ್ಲಿ ವೈದ್ಯೆಯಾದರು. ಸೇಂಟ್ ಜೋಸೆಫ್ಸ್ ಹಾಸ್ಪೈಸ್‌ನಲ್ಲಿ ಕೆಲಸ ಮಾಡುತ್ತ, ನೋವು ಮರುಕಳಿಸಿ ರೋಗಿ ನರಳುವ ತನಕ ಕಾಯದೆ, ಗಡಿಯಾರ ನೋಡಿ ಹೊತ್ತುಹೊತ್ತಿಗೆ ಮಾರ್ಫಿನ್ ಕೊಡುವ ಕ್ರಮವನ್ನು ಗಟ್ಟಿಗೊಳಿಸಿದರು. ನೋವು ದೇಹದ್ದಷ್ಟೇ ಅಲ್ಲ. ಮನಸ್ಸಿನದು, ಸಂಸಾರದ ಚಿಂತೆಯದು, ದೇವರು-ಬದುಕು ಕುರಿತ ಪ್ರಶ್ನೆಗಳದು ಎಲ್ಲ ಸೇರಿದ್ದು ಎಂದು ತೋರಿಸಿಕೊಟ್ಟರು. 1967ರಲ್ಲಿ ದಕ್ಷಿಣ ಲಂಡನ್ನಿನ ಸಿಡೆನ್‌ಹ್ಯಾಮ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆಯಿತು. ತಸ್ಮಾ ನೆನಪಿಗೆ ಅಲ್ಲೊಂದು ದೊಡ್ಡ ಗಾಜಿನ ಕಿಟಕಿ ಇದೆ.

ನನ್ನನ್ನು ಹೆಚ್ಚು ತಟ್ಟುವುದು ಅವರು ಇದಾದ ಮೇಲೆ ಮಾಡಿದ ಕೆಲಸ. ಅವರ ಲೆಕ್ಕದಲ್ಲಿ ಆರೈಕೆ ಬೇಕಾದವರು ರೋಗಿ ಒಬ್ಬರೇ ಅಲ್ಲ, ಇಡೀ ಮನೆ. 1969ರಲ್ಲಿ ಹಾಸ್ಪೈಸ್‌ನ ನರ್ಸುಗಳು ರೋಗಿಗಳ ಮನೆಗೇ ಹೋಗತೊಡಗಿದರು. ಸಾವಿನ ನಂತರವೂ ಮನೆಯವರನ್ನು ವಿಚಾರಿಸಿಕೊಳ್ಳುವ ವ್ಯವಸ್ಥೆ ಬಂತು. ಹಾಸ್ಪೈಸ್ ಒಂದು ಶಾಲೆಯೂ ಆಯಿತು. ಅಲ್ಲಿ ಕಲಿತವರು ದೇಶದೇಶಗಳಿಗೆ ಅದನ್ನು ಒಯ್ದರು.

ಇದರ ಬೆಲೆ ನಮ್ಮ ತಾರ್ನಾಕದಂಥ ಬಡಾವಣೆಯಲ್ಲಿದ್ದವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ವಿಶ್ವವಿದ್ಯಾಲಯದಲ್ಲೋ ರೈಲ್ವೆಯಲ್ಲೋ ದುಡಿದು ನಿವೃತ್ತರಾದವರು, ಮಕ್ಕಳು ಹೊರದೇಶದಲ್ಲಿ. ಯಜಮಾನರು ಹಾಸಿಗೆ ಹಿಡಿದರೆ ನೋಡಿಕೊಳ್ಳುವವರು 70 ದಾಟಿದ ಹೆಂಡತಿ, ಇಲ್ಲವೇ ಕೆಲಸ ಬಿಟ್ಟ ಸೊಸೆ. ಇದನ್ನೆಲ್ಲ ಹೆಂಗಸರಿಗೆ ಹುಟ್ಟಿನಿಂದಲೇ ಬರುವ ವಿದ್ಯೆ ಎಂದು ನಾವು ತಿಳಿದಿದ್ದೇವೆ. ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಒಣಗಿದ ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ಮಾತ್ರೆಯ ಹೊತ್ತು ಬರೆದಿಡುವುದು, ಇವೆಲ್ಲ ಕಲಿತು ಮಾಡಬೇಕಾದ ಕೆಲಸಗಳು. ಕೊನೆಗಾಲದಲ್ಲಿ ದೇಹವೇ ಅನ್ನ ಬೇಡವೆನ್ನುತ್ತದೆ, ಒತ್ತಾಯ ಮಾಡಿ ತುತ್ತಿಡಬಾರದು ಎಂದು ಯಾರಾದರೂ ಮೊದಲೇ ಹೇಳಿಕೊಟ್ಟಿದ್ದರೆ, ತಾನು ಉಪವಾಸ ಕೆಡವಿದೆನೇನೋ ಎಂದು ಎಷ್ಟೋ ಹೆಂಗಸರು ವರ್ಷಗಟ್ಟಲೆ ಕೊರಗುತ್ತಿರಲಿಲ್ಲ.

ಸಿಸಿಲಿ ಈ ಪಾಡನ್ನು ಮನೆಯೊಳಗಿಂದಲೂ ಕಂಡವರು. 1980ರಲ್ಲಿ, 61ರ ವಯಸ್ಸಿನಲ್ಲಿ ಅವರು ಪೋಲಿಷ್ ಚಿತ್ರಕಾರ ಮರಿಯಾನ್ ಬೊಹುಷ್-ಷಿಷ್ಕೊ ಅವರನ್ನು ಮದುವೆಯಾದರು. ತಮಗಿಂತ ಬಹಳ ಹಿರಿಯರಾದ ಪತಿ ಕೊನೆಯ ವರ್ಷಗಳಲ್ಲಿ ಕಾಯಿಲೆ ಬಿದ್ದು, 1995ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್‌ನಲ್ಲೇ ತೀರಿಕೊಂಡರು. ಹತ್ತು ವರ್ಷದ ನಂತರ, 2005ರ ಜುಲೈ 14ರಂದು, ಸ್ತನ ಕ್ಯಾನ್ಸರ್‌ನಿಂದ ಸಿಸಿಲಿಯವರೂ ತಾವೇ ಕಟ್ಟಿದ ಆ ಮನೆಯಲ್ಲಿ ಕಣ್ಮುಚ್ಚಿದರು. ನರ್ಸ್, ಸಮಾಜ ಕಾರ್ಯಕರ್ತೆ, ವೈದ್ಯೆ, ಹೆಂಡತಿ, ಕೊನೆಗೆ ರೋಗಿ: ಹಾಸಿಗೆಯ ಸುತ್ತಲಿನ ಎಲ್ಲ ಜಾಗಗಳಲ್ಲೂ ಇದ್ದು ನೋಡಿದ ಜೀವ ಅದು.

ಅವರು ಹಚ್ಚಿದ ದೀಪ ನಮ್ಮ ದೇಶಕ್ಕೂ ಬಂದಿದೆ. ಮುಂಬಯಿಯಲ್ಲಿ 1986ರಲ್ಲಿ ಶಾಂತಿ ಅವೇದನಾ ಸದನ ಶುರುವಾಯಿತು. 1993ರಲ್ಲಿ ಕೋಝಿಕ್ಕೋಡಿನಲ್ಲಿ ಆರಂಭವಾದ ಕ್ಲಿನಿಕ್ಕಿನಿಂದ ಬೆಳೆದ ಚಳವಳಿ ಅಕ್ಕಪಕ್ಕದ ಮನೆಯವರಿಗೇ ತರಬೇತಿ ಕೊಟ್ಟು ಸ್ವಯಂಸೇವಕರನ್ನಾಗಿಸಿತು. ಬೆಂಗಳೂರಿನಲ್ಲಿ ಕರುಣಾಶ್ರಯವಿದೆ. ನಮ್ಮ ಹೈದರಾಬಾದಿನಲ್ಲೇ ರೆಡ್ ಹಿಲ್ಸ್‌ನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನೋವು ಶಮನದ ವಿಭಾಗವಿದೆ, ಸ್ಪರ್ಶ್ ಹಾಸ್ಪೈಸ್ ಇದೆ. ಆದರೂ ಬಹಳಷ್ಟು ಮನೆಗಳಿಗೆ ಇವುಗಳ ಸುದ್ದಿ ತಲುಪುವಾಗ ತಡವಾಗಿರುತ್ತದೆ.

ನಮ್ಮ ವೇದಿಕೆ ಹಬ್ಬಕ್ಕೆ, ರಂಗೋಲಿಗೆ, ಹಾಡಿಗೆ ಸೇರುತ್ತದೆ. ವರ್ಷಕ್ಕೊಮ್ಮೆ ಒಬ್ಬ ನರ್ಸನ್ನು ಕರೆಸಿ ಹಾಸಿಗೆ ಹಿಡಿದವರ ಆರೈಕೆ ಹೇಗೆಂದು ಕಲಿಯೋಣ. ಯಾರ ಮನೆಯಲ್ಲಿ ಅಂಥವರಿದ್ದಾರೋ ಅಲ್ಲಿಗೆ ಸರದಿಯ ಮೇಲೆ ಹೋಗಿ ಎರಡು ಗಂಟೆ ಕೂರೋಣ. ಆ ಮನೆಯಾಕೆ ಅಷ್ಟು ಹೊತ್ತು ನಿಶ್ಚಿಂತೆಯಿಂದ ನಿದ್ದೆ ಮಾಡಲಿ.