ಪಂಡಿತಾ ರಮಾಬಾಯಿ: ನೋವಿನ ದಾರಿಯಲ್ಲಿ ಕಂಡ ಸನ್ನಿಧಿ

ಸೊಲ್ಲಾಪುರದಿಂದ ಪುಣೆಗೆ ಸಾಗುವ ರೈಲುಮಾರ್ಗದಲ್ಲಿ, ದೌಂಡ್ ದಾಟಿದ ಬಳಿಕ ಕೇಡಗಾಂವ್ ಎಂಬ ನಿಲ್ದಾಣವಿದೆ. ಅಲ್ಲಿ ‘ಮುಕ್ತಿ’ ಎಂಬ ಆಶ್ರಯಧಾಮವನ್ನು ಕಟ್ಟಿದ ಪಂಡಿತಾ ರಮಾಬಾಯಿಯವರು ಕನ್ನಡ ನೆಲದಲ್ಲಿ ಜನಿಸಿದವರು. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಊರು ಕಾರ್ಕಳದ ಸಮೀಪದ ಮಾಳ. ಪತ್ನಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತ ಕಲಿಸಿದುದಕ್ಕಾಗಿ ಸ್ವಜನರ ವಿರೋಧಕ್ಕೆ ಗುರಿಯಾದ ಶಾಸ್ತ್ರಿಗಳು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ನೆಲೆಸಿದರು. 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದ್ದು ಅಲ್ಲಿಯೇ.

ಮಗು ಕೆಲವೇ ತಿಂಗಳದಾಗಿದ್ದಾಗ ಕುಟುಂಬವು ಮನೆಯನ್ನು ತೊರೆದು ತೀರ್ಥಯಾತ್ರೆಗೆ ಹೊರಟಿತು. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುತ್ತ, ಪುರಾಣ ಹೇಳಿ ಜೀವನ ಸಾಗಿಸುತ್ತಿದ್ದ ಆ ಬಾಳಿನಲ್ಲಿ ತಾಯಿಯೇ ಮಗಳಿಗೆ ಗುರುವಾದರು. 1870ರ ದಶಕದ ಕ್ಷಾಮ ಬಂದೆರಗಿದಾಗ ಇದ್ದುದೆಲ್ಲ ಕರಗಿತು. ವ್ರತ, ದಾನ, ತೀರ್ಥಸ್ನಾನಗಳಲ್ಲಿ ಒಂದನ್ನೂ ಬಿಡದೆ ಆಚರಿಸಿದ ತಂದೆ, ಬಳಿಕ ತಾಯಿ, ಅಕ್ಕ ಹಸಿವು ಮತ್ತು ರೋಗಗಳಿಗೆ ಬಲಿಯಾದರು. ತಾಯಿಯ ಶವವನ್ನು ಹೊರಲು ಸಾಕಷ್ಟು ಜನ ಸಿಗದೆ ರಮಾಬಾಯಿಯೂ ಹೆಗಲು ಕೊಡಬೇಕಾಯಿತು. ಎತ್ತರ ಸಾಲದಿದ್ದುದರಿಂದ ಚಟ್ಟದ ಆ ತುದಿಯನ್ನು ತಲೆಯ ಮೇಲೆ ಹೊತ್ತರು. ಇಷ್ಟು ಭಕ್ತಿಗೆ ದೇವರು ಏಕೆ ಓಗೊಡಲಿಲ್ಲವೆಂಬ ಪ್ರಶ್ನೆ ಅಂದಿನಿಂದ ಅವರ ಬೆನ್ನು ಬಿಡಲಿಲ್ಲ.

1878ರಲ್ಲಿ ಅಣ್ಣನೊಡನೆ ಕಲ್ಕತ್ತೆಯನ್ನು ಸೇರಿದಾಗ ಅಲ್ಲಿನ ವಿದ್ವಾಂಸರು ಅವರ ಪಾಂಡಿತ್ಯಕ್ಕೆ ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. ಆದರೆ 1880ರಲ್ಲಿ ಅಣ್ಣ ತೀರಿಕೊಂಡನು. ಅದೇ ವರ್ಷ ಜಾತಿಯ ಕಟ್ಟನ್ನು ಮೀರಿ ಬಿಪಿನ್ ಬಿಹಾರಿ ಮೇಧಾವಿಯವರನ್ನು ವರಿಸಿದರು. 1882ರಲ್ಲಿ ಅವರೂ ಕಾಲರಾಕ್ಕೆ ತುತ್ತಾದರು. ಇಪ್ಪತ್ತಮೂರರ ವಿಧವೆಯ ಮಡಿಲಲ್ಲಿ ಪುಟ್ಟ ಮಗಳು ಮನೋರಮಾ ಉಳಿದಳು.

1883ರಲ್ಲಿ ಇಂಗ್ಲೆಂಡಿಗೆ ತೆರಳಿದ ರಮಾಬಾಯಿಯವರು, ಸಮಾಜ ಹೊರದೂಡಿದ ಸ್ತ್ರೀಯರನ್ನು ಕ್ರೈಸ್ತ ಸಂನ್ಯಾಸಿನಿಯರು ಅಕ್ಕರೆಯಿಂದ ಸಲಹುವುದನ್ನು ಕಂಡರು. ಸಮಾರ್ಯದ ಸ್ತ್ರೀಯೊಡನೆ ಬಾವಿಯ ಬಳಿ ಮಾತನಾಡಿದ ಯೇಸುವಿನ ಕಥೆ ಅವರ ಮನಸ್ಸನ್ನು ಸೆಳೆಯಿತು. ಆ ವರ್ಷದ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು. ಆದರೂ ಅವರ ಹುಡುಕಾಟ ಅಲ್ಲಿಗೇ ಮುಗಿಯಲಿಲ್ಲ. ತಾವು ಸ್ವೀಕರಿಸಿದ್ದು ಒಂದು ಮತವನ್ನೇ ಹೊರತು ಕ್ರಿಸ್ತನನ್ನಲ್ಲವೆಂಬ ಅರಿವು ಅವರಿಗೆ ಮೂಡಿದ್ದು ಎಂಟು ವರ್ಷಗಳ ಅನಂತರ.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು. ಮತಾಂತರದ ಆರೋಪವೆದ್ದು ಹಲವರು ಹುಡುಗಿಯರನ್ನು ಹಿಂದಕ್ಕೆ ಕರೆದೊಯ್ದರೂ ಅವರು ಸದನವನ್ನು ಮುಚ್ಚಲಿಲ್ಲ. 1896–97ರಲ್ಲಿ ಮಧ್ಯಪ್ರಾಂತದಲ್ಲಿ ಮತ್ತೆ ಕ್ಷಾಮ ತಲೆದೋರಿತು. ತಮ್ಮ ಬಾಲ್ಯದ ಹಸಿವು ನೆನಪಾದ ರಮಾಬಾಯಿಯವರು ತಾವೇ ಅಲ್ಲಿಗೆ ಹೋಗಿ ಸುಮಾರು 300 ಹೆಂಗಸರನ್ನೂ ಹುಡುಗಿಯರನ್ನೂ ಕರೆತಂದರು. ಕೇಡಗಾಂವಿನ ಬಯಲಿನಲ್ಲಿ ‘ಮುಕ್ತಿ’ ಮೈದಳೆದದ್ದು ಹೀಗೆ. ಕೆಲವೇ ವರ್ಷಗಳಲ್ಲಿ ಸಾವಿರಕ್ಕೂ ಮಿಕ್ಕ ಸ್ತ್ರೀಯರು ಅಲ್ಲಿ ಅನ್ನ, ಅಕ್ಷರ, ಕಸುಬುಗಳನ್ನು ಪಡೆದರು.

ಬೈಬಲನ್ನು ಸಾಮಾನ್ಯ ಹೆಂಗಸರಿಗೂ ತಿಳಿಯುವ ಮರಾಠಿಗೆ ತರಲು ಅವರು ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ಕಿವಿ ಮಂದವಾಗುತ್ತಿದ್ದ ಕೊನೆಯ ವರ್ಷಗಳನ್ನು ಆ ಕಾರ್ಯಕ್ಕೆ ಮುಡಿಪಾಗಿಟ್ಟರು. ಕಲಬುರಗಿಯಲ್ಲಿ ಸ್ಥಾಪಿಸಿದ ಶಾಲೆಯ ಹೊಣೆಯನ್ನು ಮನೋರಮಾ ಹೊತ್ತಿದ್ದರು. 1921ರಲ್ಲಿ ಆ ಮಗಳೂ ಅಗಲಿದರು. ತಾಯಿ ಅನುವಾದದ ಕೆಲಸಕ್ಕೇ ಮರಳಿದರು. 1922ರ ಏಪ್ರಿಲ್ 5ರಂದು ಅವರು ನಿಧನರಾದರು.

ತಮ್ಮವರೇಕೆ ಸತ್ತರೆಂಬ ಪ್ರಶ್ನೆಗೆ ರಮಾಬಾಯಿಯವರು ಯಾವ ಸಿದ್ಧಾಂತವನ್ನೂ ಮುಂದಿಡಲಿಲ್ಲ. ನೋವು ತಪ್ಪಿದೆಡೆಯಲ್ಲಿ ದೇವರನ್ನು ಅರಸುವುದನ್ನು ಬಿಟ್ಟು, ನೊಂದವರ ನಡುವೆ ಅವನಿರುವನೆಂದು ನಂಬಿ ಅವರ ಬಳಿಗೆ ಹೋದರು. ತಾಯಿಯ ಚಟ್ಟವನ್ನು ಹೊರಲು ಜನರಿಲ್ಲದೆ ನಿಂತಿದ್ದ ಆ ಹುಡುಗಿ, ದಿಕ್ಕಿಲ್ಲದ ಸಾವಿರಾರು ಮಂದಿಗೆ ಆಸರೆಯಾದದ್ದು ಆ ನಂಬಿಕೆಯ ಬಲದಿಂದ.