ಫೈಲು ಯಾರ ಕೈಯಲ್ಲಿರಬೇಕು?

ಕಳೆದ ವರ್ಷ ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಊರಿಗೆ ಹೋದಾಗ ನನಗಾಗಿ ಒಂದು ಫೈಲು ಕಾದಿತ್ತು. ದೊಡ್ಡಮ್ಮನ ಬಯಾಪ್ಸಿ ರಿಪೋರ್ಟ್. ಮನೆಯಲ್ಲಿ ಇಂಗ್ಲಿಷ್ ಸಲೀಸಾಗಿ ಓದುವವನು ನಾನೊಬ್ಬನೇ. ದೊಡ್ಡಪ್ಪ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಅದನ್ನು ಕೈಗಿಟ್ಟರು. ಇನ್‌ವೇಸಿವ್ ಲೋಬ್ಯುಲಾರ್ ಕಾರ್ಸಿನೋಮಾ ಎಂದು ಬರೆದಿತ್ತು. ಸ್ತನ ಕ್ಯಾನ್ಸರ್ ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ತೆಂಗಿನ ಮರಕ್ಕೆ ಒರಗಿ ನಿಂತರು. ಆಮೇಲೆ, ಇದು ಅವಳ ಕಿವಿಗೆ ಬೀಳುವುದು ಬೇಡ, ನೀರುಗಂಟು ಎಂದಷ್ಟೇ ಹೇಳು ಎಂದರು. ನಾನು ತಲೆಯಾಡಿಸಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಕ್ಯಾನ್ಸರ್ ಬಗ್ಗೆ ಮೊಬೈಲಿನಲ್ಲಿ ಓದುತ್ತಾ ಹೋದಾಗ ಪರಿಚಿತ ಹೆಸರೊಂದು ಸಿಕ್ಕಿತು. ರೇಚಲ್ ಕಾರ್ಸನ್. ನಮ್ಮ ಪರಿಸರ ಅಧ್ಯಯನ ನೋಟ್ಸಿನಲ್ಲಿ ಅವರು ಎರಡು ಅಂಕದ ಪ್ರಶ್ನೆ. ‘ಸೈಲೆಂಟ್ ಸ್ಪ್ರಿಂಗ್’ ಬರೆದವರು ಯಾರು, ಯಾವ ವರ್ಷ? ಉತ್ತರ ಬಾಯಿಪಾಠವಾಗಿತ್ತು. ಆ ಪುಸ್ತಕ ಬರೆಯುವಾಗ ಅವರಿಗೆ ಸ್ತನ ಕ್ಯಾನ್ಸರ್ ಇತ್ತು ಎಂಬುದು ಗೊತ್ತಿರಲಿಲ್ಲ.

ರೇಚಲ್ ಹುಟ್ಟಿದ್ದು 1907ರ ಮೇ 27ರಂದು, ಅಮೆರಿಕದ ಪೆನ್ಸಿಲ್ವೇನಿಯಾದ ಸ್ಪ್ರಿಂಗ್‌ಡೇಲ್ ಎಂಬ ಸಣ್ಣ ಊರಿನಲ್ಲಿ. ಲೇಖಕಿಯಾಗಬೇಕೆಂದು ಕಾಲೇಜಿಗೆ ಇಂಗ್ಲಿಷ್ ಓದಲು ಸೇರಿದವರು ನಡುವೆ ಜೀವಶಾಸ್ತ್ರಕ್ಕೆ ಬದಲಾಯಿಸಿಕೊಂಡರು. 1932ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದಲ್ಲಿ ಎಂ.ಎ. ಪಡೆದರು. ಮುಂದೆ ಪಿಎಚ್.ಡಿ. ಮಾಡುವ ಆಸೆಯಿತ್ತು, ದುಡ್ಡಿರಲಿಲ್ಲ. ಆರ್ಥಿಕ ಮಹಾಕುಸಿತದ ಕಾಲ. 1935ರಲ್ಲಿ ತಂದೆ ತೀರಿಕೊಂಡರು. ಎರಡೇ ವರ್ಷದಲ್ಲಿ ಅಕ್ಕನೂ ತೀರಿಕೊಂಡು, ಅವಳ ಇಬ್ಬರು ಹೆಣ್ಣುಮಕ್ಕಳ ಜವಾಬ್ದಾರಿ ರೇಚಲ್ ಮೇಲೆ ಬಿತ್ತು.

ಕೆಲಸ ಹುಡುಕುತ್ತಿರುವ ನಮ್ಮಂಥವರು ಈ ಭಾಗವನ್ನು ನಿಧಾನವಾಗಿ ಓದಬೇಕು. ಮೀನುಗಾರಿಕಾ ಇಲಾಖೆಯಲ್ಲಿ ಅವರಿಗೆ ಮೊದಲು ಸಿಕ್ಕಿದ್ದು ಕಾಯಂ ಹುದ್ದೆಯಲ್ಲ, ರೇಡಿಯೊ ಕಾರ್ಯಕ್ರಮಕ್ಕೆ ಸಮುದ್ರಜೀವಿಗಳ ಬಗ್ಗೆ ಬರೆಯುವ ಅರೆಕಾಲಿಕ ಕೆಲಸ. ಬರೆಯುತ್ತಲೇ ಸರ್ಕಾರಿ ಪರೀಕ್ಷೆ ಕಟ್ಟಿದರು, ಒಳ್ಳೆಯ ಅಂಕ ತೆಗೆದರು, 1936ರಲ್ಲಿ ಅದೇ ಇಲಾಖೆಯಲ್ಲಿ ಕಾಯಂ ಆದರು. ಹಗಲು ಕಚೇರಿ, ರಾತ್ರಿ ಬರವಣಿಗೆ. 1941ರಲ್ಲಿ ಬಂದ ಮೊದಲ ಪುಸ್ತಕ ಯುದ್ಧದ ಗದ್ದಲದಲ್ಲಿ ಮುಳುಗಿಹೋಯಿತು. ಹತ್ತು ವರ್ಷದ ನಂತರ, 1951ರಲ್ಲಿ ಬಂದ ‘ದಿ ಸೀ ಅರೌಂಡ್ ಅಸ್’ ಅವರನ್ನು ಮನೆಮಾತಾಗಿಸಿತು. ಮರುವರ್ಷ ನೌಕರಿ ಬಿಟ್ಟು ಪೂರ್ಣಾವಧಿ ಲೇಖಕಿಯಾದರು.

ಮನೆಯ ಭಾರ ಮಾತ್ರ ಇಳಿಯಲಿಲ್ಲ. 1957ರಲ್ಲಿ, ತಾವು ಸಾಕಿದ ಅಕ್ಕನ ಮಗಳೊಬ್ಬಳು ತೀರಿಕೊಂಡಾಗ ಅವಳ ಐದು ವರ್ಷದ ಮಗ ರೋಜರ್‌ನನ್ನು ದತ್ತು ತೆಗೆದುಕೊಂಡರು. ಆಗ ಅವರಿಗೆ ಐವತ್ತು. ಮರುವರ್ಷದ ಕೊನೆಗೆ ತಾಯಿಯೂ ಹೋದರು. ಅದೇ ಹೊತ್ತಿಗೆ ಡಿಡಿಟಿಯಂಥ ಕೀಟನಾಶಕಗಳು ಹಕ್ಕಿ, ಮೀನು, ಮನುಷ್ಯರಿಗೆ ಏನು ಮಾಡುತ್ತಿವೆ ಎಂದು ಸಾಕ್ಷ್ಯ ಕಲೆಹಾಕುವ ಕೆಲಸಕ್ಕೆ ಕೈಹಾಕಿದ್ದರು.

1960ರ ಏಪ್ರಿಲ್‌ನಲ್ಲಿ ಎಡ ಸ್ತನದಲ್ಲಿದ್ದ ಗಂಟಿಗಾಗಿ ಆಸ್ಪತ್ರೆಗೆ ಸೇರಿದರು. ಶಸ್ತ್ರಚಿಕಿತ್ಸಕರು ರ‍್ಯಾಡಿಕಲ್ ಮಾಸ್ಟೆಕ್ಟಮಿ ಮಾಡಿದರು. ಸ್ತನ, ಅದರಡಿಯ ಎದೆಯ ಸ್ನಾಯು, ಕಂಕುಳಿನ ದುಗ್ಧಗ್ರಂಥಿಗಳು ಎಲ್ಲವನ್ನೂ ತೆಗೆಯುವ ದೊಡ್ಡ ಆಪರೇಷನ್ ಅದು. ಇದು ಕ್ಯಾನ್ಸರೇ ಎಂದು ರೇಚಲ್ ನೇರವಾಗಿ ಕೇಳಿದರು. ಕ್ಯಾನ್ಸರಿನ ಅಂಚಿನಲ್ಲಿರುವ ಸ್ಥಿತಿ ಎಂಬ ಅರೆಬರೆ ಉತ್ತರ ಸಿಕ್ಕಿತು. ಮುಂದಿನ ಚಿಕಿತ್ಸೆಯನ್ನೂ ಹೇಳಲಿಲ್ಲ. ನಿಜವೆಂದರೆ ಅದು ಕ್ಯಾನ್ಸರೇ ಆಗಿತ್ತು, ಹರಡಲೂ ಶುರುಮಾಡಿತ್ತು.

ಇದು ಒಬ್ಬ ವೈದ್ಯರ ತಪ್ಪು ಮಾತ್ರವಲ್ಲ, ಆ ಕಾಲದ ಪದ್ಧತಿ. 1961ರಲ್ಲಿ ಪ್ರಕಟವಾದ ಷಿಕಾಗೊದ ಸಮೀಕ್ಷೆಯೊಂದರಲ್ಲಿ ಶೇ 90ರಷ್ಟು ವೈದ್ಯರು ರೋಗಿಗೆ ಕ್ಯಾನ್ಸರ್ ಎಂದು ಹೇಳದಿರುವುದೇ ತಮ್ಮ ರೂಢಿ ಎಂದಿದ್ದರು. ಗಂಡನಿದ್ದರೆ ಗಂಡನಿಗೆ ಹೇಳುತ್ತಿದ್ದರು. ರೇಚಲ್‌ಗೆ ಮದುವೆಯಾಗಿರಲಿಲ್ಲ. ಇದನ್ನು ಓದುವಾಗ ನನಗೆ ಹಿತ್ತಿಲು, ತೆಂಗಿನ ಮರ, ದೊಡ್ಡಪ್ಪ ಎಲ್ಲ ನೆನಪಾದರು.

ಅದೇ ವರ್ಷದ ಕೊನೆಗೆ ಪಕ್ಕೆಲುಬಿನ ಬಳಿ ಮತ್ತೊಂದು ಗಂಟು ಕಾಣಿಸಿತು. ಈ ಸಲ ರೇಚಲ್ ಸುಮ್ಮನಿರಲಿಲ್ಲ. ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಡಾ. ಜಾರ್ಜ್ ಕ್ರೈಲ್ ಅವರನ್ನು ಸಂಪರ್ಕಿಸಿದರು. ಎಲ್ಲ ಸ್ತನ ಕ್ಯಾನ್ಸರಿಗೂ ರ‍್ಯಾಡಿಕಲ್ ಆಪರೇಷನ್ ಬೇಕಿಲ್ಲ ಎಂದು ವಾದಿಸಿ ಸಹೋದ್ಯೋಗಿಗಳ ವಿರೋಧ ಕಟ್ಟಿಕೊಂಡಿದ್ದ ವೈದ್ಯರು ಅವರು. ದಾಖಲೆಗಳನ್ನು ನೋಡಿ ಕ್ಯಾನ್ಸರ್ ಹರಡಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಕೆಟ್ಟ ಸುದ್ದಿಯೇ ಆದರೂ, ತನ್ನನ್ನು ತಿಳಿವಳಿಕೆಯಿರುವ ವ್ಯಕ್ತಿಯಂತೆ ಕಂಡದ್ದಕ್ಕೆ ರೇಚಲ್ ಕೃತಜ್ಞರಾಗಿದ್ದರು. ಇಬ್ಬರೂ ಚರ್ಚಿಸಿ ವಿಕಿರಣ ಚಿಕಿತ್ಸೆ ಎಂದು ತೀರ್ಮಾನಿಸಿದರು.

ಆಮೇಲಿನ ದಿನಗಳು ಸಿನಿಮಾದಲ್ಲಿ ತೋರಿಸುವಂತಿರಲಿಲ್ಲ. ವಿಕಿರಣದ ಸುಸ್ತು, ವಾಕರಿಕೆ, ಸೋಂಕು, ನಡೆಯಲಾಗದ ಮಂಡಿನೋವು. ಕಣ್ಣಿನ ಉರಿಯೂತದಿಂದ ಕೆಲವು ವಾರ ಓದಲೂ ಆಗಲಿಲ್ಲ, ಸಹಾಯಕಿ ಓದಿ ಹೇಳಬೇಕಾಯಿತು. ಆದರೂ ಪುಸ್ತಕ ಮುಗಿಯಿತು. 1962ರ ಸೆಪ್ಟೆಂಬರ್ 27ರಂದು ‘ಸೈಲೆಂಟ್ ಸ್ಪ್ರಿಂಗ್’ ಹೊರಬಂತು. ಅದರಲ್ಲಿ ರಾಸಾಯನಿಕಗಳಿಗೂ ಕ್ಯಾನ್ಸರಿಗೂ ಇರುವ ಸಂಬಂಧದ ಬಗ್ಗೆ ಒಂದು ಅಧ್ಯಾಯವೇ ಇದೆ. ಅದನ್ನು ಬರೆದ ಕೈಗೆ ಸ್ವತಃ ಕ್ಯಾನ್ಸರ್ ಇದೆ ಎಂದು ಓದುಗರಿಗೆ ಗೊತ್ತಿರಲಿಲ್ಲ.

ರೇಚಲ್ ಅದನ್ನು ಬೇಕೆಂದೇ ಬಚ್ಚಿಟ್ಟಿದ್ದರು. ಕೀಟನಾಶಕ ಕಂಪನಿಗಳು ಅವರ ಮೇಲೆ ಮುಗಿಬಿದ್ದಿದ್ದವು. ಕಾಯಿಲೆಯ ಸಿಟ್ಟಿನಿಂದ ಬರೆದಿದ್ದಾಳೆ ಎಂದು ಹೇಳಲು ಅವರಿಗೊಂದು ನೆಪ ಸಿಗಬಾರದಿತ್ತು. ಕೆಲವೇ ಆಪ್ತರಿಗೆ ಹೊರತು ಯಾರಿಗೂ ತಿಳಿಸಲಿಲ್ಲ. 1963ರ ಜೂನ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಉಪನ್ಯಾಸ ಕೊಡುವಾಗ ನಡೆಯಲು ಕಷ್ಟವಾಗುತ್ತಿತ್ತು, ಸಂಧಿವಾತ ಎಂದು ಹೇಳಿಕೊಂಡರು. 1964ರ ಏಪ್ರಿಲ್ 14ರಂದು, 56ನೇ ವಯಸ್ಸಿನಲ್ಲಿ ತೀರಿಕೊಂಡರು. ರೋಜರ್‌ಗೆ ಆಗ ಹನ್ನೆರಡು. ಅಮೆರಿಕದಲ್ಲಿ ಡಿಡಿಟಿಗೆ ನಿಷೇಧ ಬಿದ್ದದ್ದು 1972ರಲ್ಲಿ.

ಇಲ್ಲಿ ನನಗೊಂದು ಗೊಂದಲವಿತ್ತು. ಮುಚ್ಚಿಡುವುದು ತಪ್ಪು ಎನ್ನುವುದಾದರೆ ರೇಚಲ್ ಕೂಡ ಮುಚ್ಚಿಟ್ಟರಲ್ಲ? ಯೋಚಿಸಿದಾಗ ವ್ಯತ್ಯಾಸ ಕಂಡಿತು. ತನ್ನ ಕಾಯಿಲೆಯನ್ನು ಯಾರಿಗೆ ಹೇಳಬೇಕು ಎಂದು ಅವರೇ ತೀರ್ಮಾನಿಸಿದರು. ಅವರಿಂದಲೇ ಅದನ್ನು ಮುಚ್ಚಿಟ್ಟಾಗ ಮಾತ್ರ ಎಂಟು ತಿಂಗಳು ಕೈತಪ್ಪಿಹೋಯಿತು. ಆ ತಿಂಗಳುಗಳು ಅವರನ್ನು ಉಳಿಸುತ್ತಿದ್ದವೋ ಇಲ್ಲವೋ, ಆಯ್ಕೆ ಅವರದಾಗಿರುತ್ತಿತ್ತು.

ಬೆಳಿಗ್ಗೆ ದೊಡ್ಡಪ್ಪನಿಗೆ ಈ ಕಥೆಯನ್ನೆಲ್ಲ ಹೇಳಿದೆ. ಕೋಪಿಸಿಕೊಂಡರು, ಮಧ್ಯಾಹ್ನದವರೆಗೆ ಮಾತಾಡಲಿಲ್ಲ. ಸಂಜೆ ಅವರೇ ದೊಡ್ಡಮ್ಮನನ್ನು ಕೂರಿಸಿಕೊಂಡು ಹೇಳಿದರು. ದೊಡ್ಡಮ್ಮ ಅತ್ತರು. ಆಮೇಲೆ, ನೀವೆಲ್ಲ ಗುಸುಗುಸು ಮಾಡುವುದನ್ನು ನೋಡಿ ನನಗೆ ಮೊದಲೇ ಗೊತ್ತಾಗಿತ್ತು ಎಂದರು.

ಆಸ್ಪತ್ರೆಯಲ್ಲಿ ಅವರೇ ಪ್ರಶ್ನೆ ಕೇಳಿದರು. ಲೋಬ್ಯುಲಾರ್ ಎಂದರೆ ಹಾಲು ಉತ್ಪತ್ತಿಯಾಗುವ ಗ್ರಂಥಿಗಳಲ್ಲಿ ಶುರುವಾಗುವ ಬಗೆ. ಇದರ ಕೋಶಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿ ಗಂಟಾಗುವ ಬದಲು ಇರುವೆ ಸಾಲಿನಂತೆ ಹರಡುತ್ತವೆ. ಅದಕ್ಕೇ ಕೈಗೂ ಮ್ಯಾಮೊಗ್ರಾಮ್‌ಗೂ ತಪ್ಪಿಸಿಕೊಳ್ಳಬಹುದು. ಎಂಆರ್‌ಐ ನೋಡಿದ ವೈದ್ಯರು ಎರಡು ದಾರಿ ಇಟ್ಟರು. ಕ್ಯಾನ್ಸರ್ ಇರುವ ಭಾಗವನ್ನಷ್ಟೇ ತೆಗೆದು ಕೆಲವು ವಾರ ದಿನವೂ ವಿಕಿರಣ, ಇಲ್ಲವೇ ಪೂರ್ತಿ ಸ್ತನ ತೆಗೆಯುವುದು. ರೇಚಲ್ ಕಾಲದಲ್ಲಿ ಮೊದಲ ದಾರಿ ಸುಲಭಕ್ಕೆ ಸಿಗುತ್ತಿರಲಿಲ್ಲ. ತೀರಾ ದೊಡ್ಡ ಆಪರೇಷನ್‌ನಿಂದ ಹೆಚ್ಚಿನ ಲಾಭವಿಲ್ಲ ಎಂಬುದು 1970ರ ದಶಕದಲ್ಲಿ ಶುರುವಾದ ದೊಡ್ಡ ಪ್ರಯೋಗಗಳಿಂದ ಸಾಬೀತಾಯಿತು.

ನಾವೆಲ್ಲ ಮೊದಲನೆಯದನ್ನೇ ಅಂದುಕೊಂಡಿದ್ದೆವು. ದೊಡ್ಡಮ್ಮ ಎರಡನೆಯದನ್ನು ಆರಿಸಿಕೊಂಡರು. ಅಷ್ಟು ವಾರ ಪೇಟೆಯಲ್ಲಿ ಬೇರೆಯವರ ಮನೆಯಲ್ಲಿರಲು ಅವರಿಗೆ ಇಷ್ಟವಿರಲಿಲ್ಲ, ಉಳಿದ ಭಾಗದಲ್ಲಿ ಏನಾದರೂ ಇದ್ದೀತು ಎಂಬ ಭಯದಲ್ಲಿ ಬದುಕುವುದೂ ಬೇಡವಾಗಿತ್ತು. ಬೇರೊಬ್ಬರಿಗೆ ಬೇರೆ ದಾರಿ ಸರಿಯಿರಬಹುದು. ಅವರ ಲೆಕ್ಕ ಅವರಿಗೇ ಗೊತ್ತಿತ್ತು.

ಈಗ ದಿನಕ್ಕೊಂದು ಹಾರ್ಮೋನ್ ಮಾತ್ರೆ ನುಂಗುತ್ತಾರೆ, ಕೀಲುನೋವು ಎಂದು ಬೈಯುತ್ತಾರೆ, ಮಾತ್ರೆ ತಪ್ಪಿಸುವುದಿಲ್ಲ. ಆ ಫೈಲು ಈಗ ಅವರ ಟ್ರಂಕಿನಲ್ಲೇ ಇರುತ್ತದೆ. ತಪಾಸಣೆಗೆ ಹೋಗುವಾಗ ನಾನು ಹಿಡಿದುಕೊಳ್ಳುತ್ತೇನೆ ಎಂದರೂ ಕೊಡುವುದಿಲ್ಲ.