ಪಾಂಜರಾ ತೀರದ ಕಿರಿಯ ಎಂಜಿನಿಯರು

ಕೃಷ್ಣರಾಜಸಾಗರದ ಕಟ್ಟೆಯ ಮೇಲೆ ನಿಂತವರಿಗೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ನೆನಪಾಗದೆ ಇರದು. ಮೈಸೂರಿನ ದಿವಾನರಾಗಿ, ಭಾರತರತ್ನರಾಗಿ, ನೂರು ವರ್ಷ ತುಂಬುವಂತೆ ಬಾಳಿದ ಕರ್ಮಯೋಗಿಯಾಗಿ ಅವರು ನಾಡಿನ ಮನಸ್ಸಿನಲ್ಲಿ ನೆಲೆಸಿದ್ದಾರೆ. ಆದರೆ ಮಹಾಪುರುಷರ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಶಿಖರದಿಂದಲೇ ಓದತೊಡಗುತ್ತೇವೆ. ಶಿಖರಕ್ಕೆ ಏರಿದ ಮೊದಲ ಮೆಟ್ಟಿಲುಗಳ ಮೇಲೆ ನಮ್ಮ ದೃಷ್ಟಿ ನಿಲ್ಲುವುದಿಲ್ಲ. ವಿಶ್ವೇಶ್ವರಯ್ಯನವರೂ ಒಂದು ಕಾಲಕ್ಕೆ ಮೇಲಧಿಕಾರಿಯ ಕಾಗದಕ್ಕೆ ಕಾದು ಕುಳಿತ, ಹಳ್ಳದ ಮರಳಿನಲ್ಲಿ ಕೊಳವೆ ಹೂಳಿಸಿದ, ಹೆಸರಿಲ್ಲದ ಕಿರಿಯ ಎಂಜಿನಿಯರಾಗಿದ್ದರು. ಅವರ ಬಾಳಿನ ಈ ಭಾಗವೇ ಇಂದಿನ ತರುಣರಿಗೆ ಹೆಚ್ಚು ಹತ್ತಿರವಾದುದು.

ಇಂಡಿ ತಾಲ್ಲೂಕಿನ ತಾಂಬಾದಂಥ ಊರಿನಲ್ಲಿ ನಿಂತು ನೋಡಿದಾಗ ಆ ಭಾಗದ ಬೆಲೆ ಇನ್ನಷ್ಟು ತಿಳಿಯುತ್ತದೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಡೋಣಿ, ಅದರಾಚೆ ಕೃಷ್ಣೆ. ನಡುವೆ ಮಳೆಯನ್ನೇ ನಂಬಿದ ಎರೆನೆಲ. ಡೋಣಿ ತುಂಬಿ ಹರಿದರೆ ಓಣಿಯೆಲ್ಲ ಜೋಳವೆಂದು ಈ ಸೀಮೆಯ ಹಿರಿಯರು ನಂಬಿದ್ದರು. ಹರಿಯದಿದ್ದರೆ ಏನೆಂಬುದನ್ನು ಅವರು ಹೇಳಬೇಕಾಗಿರಲಿಲ್ಲ. 1876ರಿಂದ 1878ರ ವರೆಗೆ ದಕ್ಷಿಣ ಭಾರತವನ್ನು ಸುಟ್ಟ ಮಹಾ ಬರಗಾಲವು, ಆಗ ಕಲಾದಗಿ ಜಿಲ್ಲೆಯೆನಿಸಿದ್ದ ಈ ಪ್ರದೇಶವನ್ನು ಬಹು ಕ್ರೂರವಾಗಿ ಬಾಧಿಸಿತು. ಅದೇ ಬರಗಾಲ ಮೈಸೂರು ಸೀಮೆಯನ್ನೂ ಹಾಳುಗೆಡವಿತು. ಆ ದಿನಗಳಲ್ಲಿ ವಿಶ್ವೇಶ್ವರಯ್ಯನವರು ಶಾಲೆಯ ಹುಡುಗ. ನೀರಿಲ್ಲದ ನಾಡು ಹೇಗಿರುತ್ತದೆಂಬುದನ್ನು ತಿಳಿಯಲು ಆ ತಲೆಮಾರಿನವರಿಗೆ ಪುಸ್ತಕಗಳ ಅಗತ್ಯವಿರಲಿಲ್ಲ.

ಅವರು ಹುಟ್ಟಿದ್ದು 1861ರಲ್ಲಿ, ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗ ಬೆಂಗಳೂರಿನಲ್ಲಿ ಸೋದರಮಾವನ ಆಶ್ರಯದಲ್ಲಿ, ಮನೆಪಾಠ ಹೇಳಿ ಓದಿದರು. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮರುವರ್ಷ ಮುಂಬಯಿ ಸರ್ಕಾರವು ಅವರನ್ನು ತನ್ನ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರನ್ನಾಗಿ ನೇಮಿಸಿಕೊಂಡಿತು. ಆಗ ಅವರಿಗೆ ಇಪ್ಪತ್ತಮೂರರ ಆಸುಪಾಸಿನ ವಯಸ್ಸು.

1884 ಎಂಬ ವರ್ಷವನ್ನು ಇನ್ನೊಂದು ಕಾರಣಕ್ಕಾಗಿಯೂ ನೆನೆಯಬೇಕು. ಲಾರ್ಡ್ ರಿಪನ್ನರ 1882ರ ನಿರ್ಣಯವನ್ನನುಸರಿಸಿ ಮುಂಬಯಿ ಪ್ರಾಂತದಲ್ಲಿ ಲೋಕಲ್ ಬೋರ್ಡುಗಳ ಹಾಗೂ ಜಿಲ್ಲಾ ಮುನಿಸಿಪಾಲಿಟಿಗಳ ಕಾನೂನುಗಳು ಹೊರಬಂದದ್ದು ಆ ವರ್ಷವೇ. ಬಿಜಾಪುರವೂ ಅಂದು ಅದೇ ಪ್ರಾಂತದ ಭಾಗ. ಊರಿನ ಬಾವಿ, ಚರಂಡಿ, ಕುಡಿಯುವ ನೀರುಗಳ ಹೊಣೆ ಊರಿನವರ ಹೆಗಲಿಗೆ ಬರತೊಡಗಿದ ಕಾಲವದು. ಹೊಣೆ ಬಂದರೂ ಹಣ ಬರಲಿಲ್ಲ; ಆ ಹೊಣೆಯನ್ನು ನಿರ್ವಹಿಸಬಲ್ಲ ತಜ್ಞರಂತೂ ವಿರಳ. ಹಳೆಯ ತಲೆಮಾರಿನ ಅನುಭವ ಮತ್ತು ಹೊಸ ವಿದ್ಯೆಗಳ ನಡುವಣ ಇಂಥ ಸಂಧಿಕಾಲದಲ್ಲಿ ವಿಶ್ವೇಶ್ವರಯ್ಯನವರ ಉದ್ಯೋಗ ಆರಂಭವಾಯಿತು.

ಮೊದಲು ನಾಸಿಕ ಜಿಲ್ಲೆ, ಅನಂತರ ಖಾನದೇಶ. ಧುಳೆಯ ಸುತ್ತಮುತ್ತ ಪಾಂಜರಾ ನದಿಯ ಬಯಲಿನಲ್ಲಿ ಅವರಿಗೆ ವಹಿಸಲಾದ ಕೆಲಸ ನೋಡಲು ಸಣ್ಣದು: ಕಾಲುವೆಯ ನೀರನ್ನು ಅಡ್ಡ ಬಂದ ಹಳ್ಳವೊಂದರ ಕೆಳಗೆ ಕೊಳವೆಯ ಮೂಲಕ ದಾಟಿಸುವುದು. ಈ ಕಡೆಯ ನೀರಿನ ಮಟ್ಟ ಆ ಕಡೆಯದಕ್ಕಿಂತ ಎತ್ತರವಾಗಿದ್ದರೆ, ಕೊಳವೆಯೊಳಗೆ ಇಳಿದ ನೀರು ಹಳ್ಳದ ತಳದಲ್ಲಿ ಸಾಗಿ ಆಚೆ ತಾನಾಗಿಯೇ ಮೇಲೇರುತ್ತದೆ. ಲೆಕ್ಕ ಸುಲಭ, ಕೆಲಸ ಕಠಿಣ. ಕಾಮಗಾರಿ ನಡೆದಿರುವಾಗಲೇ ಮಳೆಗಾಲ ಹಿಡಿಯಿತು. ಪ್ರವಾಹವು ತೋಡಿದ ಜಾಗದಲ್ಲೆಲ್ಲ ಮರಳನ್ನು ತುಂಬಿಸಿತು. ಮಳೆ ಮುಗಿಯುವವರೆಗೆ ಕೆಲಸವನ್ನು ನಿಲ್ಲಿಸುವುದು ಲೇಸೆಂದು ತರುಣ ಎಂಜಿನಿಯರರು ಮೇಲಧಿಕಾರಿಗೆ ಬರೆದರು. ಬಂದ ಉತ್ತರ ಕಟುವಾಗಿತ್ತು: ಆಜ್ಞಾಪಾಲನೆಯ ವಿಷಯದಲ್ಲಿ ಈತನು ಒಳ್ಳೆಯ ಆರಂಭ ಮಾಡಲಿಲ್ಲವೆಂಬುದು ಅದರ ಧ್ವನಿ.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಸ್ಥಳದಲ್ಲಿದ್ದವರಿಗೆ ಹಳ್ಳದ ಸ್ಥಿತಿ ಗೊತ್ತು. ದೂರದಲ್ಲಿದ್ದವರ ಕೈಯಲ್ಲಿ ಅಧಿಕಾರವುಂಟು. ಈ ಇಕ್ಕಟ್ಟು ಯಾವ ಕಾಲದ ಕಿರಿಯ ಅಧಿಕಾರಿಗೂ ತಪ್ಪಿದ್ದಲ್ಲ. ಇದಕ್ಕೆ ಸುಲಭವಾದ ದಾರಿಗಳು ಎರಡು. ಒಂದು, ಅವಮಾನವನ್ನು ಮನಸ್ಸಿನಲ್ಲಿಟ್ಟುಕೊಂಡು ಕಾಗದದ ಜಗಳ ಬೆಳೆಸುವುದು. ಇನ್ನೊಂದು, ಕೆಲಸವನ್ನು ಹೇಗೋ ಮುಗಿಸಿ ಕೈತೊಳೆದುಕೊಳ್ಳುವುದು. ವಿಶ್ವೇಶ್ವರಯ್ಯನವರು ಎರಡನ್ನೂ ಆರಿಸಲಿಲ್ಲ. ಮಾತನ್ನು ಬೆಳೆಸದೆ ಮತ್ತೆ ಹಳ್ಳಕ್ಕಿಳಿದರು. ಪ್ರವಾಹದೊಡನೆ ಹೋರಾಡುತ್ತಲೇ ಕೊಳವೆಯನ್ನು ಭದ್ರವಾಗಿ ಕೂರಿಸಿ ಕೆಲಸವನ್ನು ಪೂರೈಸಿದರು. ಅದೇ ಮೇಲಧಿಕಾರಿ ಅವರ ಕೆಲಸವನ್ನು ಮೆಚ್ಚಿಕೊಳ್ಳಬೇಕಾಯಿತು. ಆದರೆ ಮಳೆಗಾಲದ ಪ್ರಶ್ನೆಯನ್ನು ಎತ್ತಿದ್ದು ತಪ್ಪೆಂದು ಯಾರೂ ಹೇಳಲಾರರು. ಸತ್ಯವನ್ನು ಮೊದಲು ತಿಳಿಸುವುದು ಕರ್ತವ್ಯ. ನಿರ್ಧಾರವಾದ ಮೇಲೆ ಕೆಲಸವನ್ನು ಕೆಡದಂತೆ ಮಾಡುವುದೂ ಕರ್ತವ್ಯವೇ. ಮುಂದೆ ಅವರ ಬಾಳಿನುದ್ದಕ್ಕೂ ಈ ಎರಡು ಗುಣಗಳು ಜೊತೆಯಾಗಿಯೇ ನಡೆದವು.

ಪಾಂಜರಾ ಬಯಲಿಗೆ ಇನ್ನೊಂದು ವೈಶಿಷ್ಟ್ಯವಿತ್ತು. ಅಲ್ಲಿಯ ರೈತರು ಬಹುಕಾಲದಿಂದ ನದಿಗೆ ಅಡ್ಡಗಟ್ಟುಗಳನ್ನು ಹಾಕಿ, ಫಡ್ ಎಂಬ ಪದ್ಧತಿಯಂತೆ ನೀರನ್ನು ಹಂಚಿಕೊಳ್ಳುತ್ತಿದ್ದರು. ಊರಿನ ನೀರಾವರಿ ಭೂಮಿಯನ್ನು ಕೆಲವು ಖಂಡಗಳಾಗಿ ಮಾಡಿ, ಒಂದು ಖಂಡದಲ್ಲಿ ಎಲ್ಲರೂ ಒಂದೇ ಬೆಳೆಯನ್ನು ಬೆಳೆಯುವುದು, ವರ್ಷದಿಂದ ವರ್ಷಕ್ಕೆ ಬೆಳೆಯನ್ನು ಸರದಿಯಂತೆ ಬದಲಿಸುವುದು, ನೀರು ಬಿಡುವ ಕೆಲಸಕ್ಕೆ ಊರವರೇ ಆಳನ್ನು ನೇಮಿಸುವುದು ಅದರ ಕ್ರಮ. ಪುಣೆಯ ನೀರಾವರಿಯ ಹೊಣೆ ತಮ್ಮ ಕೈಗೆ ಬಂದ ಬಳಿಕ ವಿಶ್ವೇಶ್ವರಯ್ಯನವರು ದಖ್ಖನಿನ ಕಾಲುವೆಗಳಿಗಾಗಿ ರೂಪಿಸಿದ ಬ್ಲಾಕ್ ಪದ್ಧತಿಯಲ್ಲಿಯೂ ಇಂಥದೇ ಹೋಲಿಕೆ ಕಾಣುತ್ತದೆ. ಕಾಲುವೆಯ ತಲೆಯಲ್ಲಿದ್ದವರು ಕಬ್ಬಿಗೆ ಯಥೇಚ್ಛವಾಗಿ ನೀರು ಹರಿಸುವುದು, ಅವರ ನೆಲ ಜವುಳು ಹಿಡಿಯುವುದು, ಬಾಲದಲ್ಲಿದ್ದವರು ಬರಿದಾದ ಕಾಲುವೆಯನ್ನು ನೋಡುತ್ತ ಕುಳಿತಿರುವುದು ಅಂದಿನ ಸ್ಥಿತಿ. ಹಳ್ಳಿಹಳ್ಳಿಯ ಭೂಮಿಯನ್ನು ಬ್ಲಾಕುಗಳಾಗಿ ವಿಂಗಡಿಸಿ, ಕಬ್ಬಿಗೆ ಒಂದು ಪಾಲನ್ನಷ್ಟೇ ಕೊಟ್ಟು, ಉಳಿದುದನ್ನು ಕಡಿಮೆ ನೀರಿನ ಬೆಳೆಗಳಿಗೆ ಮೀಸಲಿಟ್ಟು, ಇದ್ದ ನೀರನ್ನೇ ಹೆಚ್ಚು ಹಳ್ಳಿಗಳಿಗೆ ಮುಟ್ಟಿಸುವುದು ಅವರ ಉದ್ದೇಶವಾಗಿತ್ತು. ರೈತರು ಮೊದಲಿಗೆ ಶಂಕಿಸಿದರು. ತಿಳಿಯ ಹೇಳಿ ಒಪ್ಪಿಸಬೇಕಾಯಿತು.

ಊರಾಡಳಿತದ ನೇರ ಅನುಭವ ಅವರಿಗೆ ಒದಗಿದ್ದು ಸಿಂಧ ಪ್ರಾಂತದ ಸಕ್ಕರದಲ್ಲಿ. ಇಂದು ಪಾಕಿಸ್ತಾನಕ್ಕೆ ಸೇರಿದ ಆ ಊರು ಸಿಂಧೂ ನದಿಯ ದಡದಲ್ಲಿದ್ದರೂ ಶುದ್ಧವಾದ ನೀರಿಲ್ಲದೆ ಬಳಲುತ್ತಿತ್ತು. ನದಿಯಲ್ಲಿ ನೀರು ಅಪಾರ, ಆದರೆ ಅದು ಕೆಸರಿನಿಂದ ಕದಡಿದ್ದು. ಶೋಧಿಸುವ ದೊಡ್ಡ ತೊಟ್ಟಿಗಳನ್ನು ಕಟ್ಟಿಸುವಷ್ಟು ಹಣ ಮುನಿಸಿಪಾಲಿಟಿಯ ಬಳಿ ಇರಲಿಲ್ಲ. ಅಲ್ಲಿಗೆ ನಿಯೋಜಿತರಾದ ವಿಶ್ವೇಶ್ವರಯ್ಯನವರು ನದಿಯಿಂದಲೇ ಉಪಾಯವನ್ನು ಕಲಿತರು. ನದಿಯ ಪಾತ್ರದಲ್ಲಿ ಬಾವಿ ತೋಡಿಸಿ, ಮರಳಿನ ಮೂಲಕ ಜಿನುಗಿ ತಿಳಿಯಾಗಿ ಬರುವ ನೀರನ್ನು ಅದರಲ್ಲಿ ಸಂಗ್ರಹಿಸಿ, ಯಂತ್ರದಿಂದ ಗುಡ್ಡದ ಮೇಲಣ ತೊಟ್ಟಿಗೆ ಏರಿಸಿ ಊರಿಗೆ ಹಂಚಿದರು. ಈ ಕಾರ್ಯ 1895ರಲ್ಲಿ ಪೂರ್ತಿಯಾಯಿತು. ಹಣದ ಕೊರತೆಯನ್ನು ಕಾರಣವಾಗಿ ಹೇಳಿ ಕುಳಿತುಕೊಳ್ಳುವುದು ಎಷ್ಟು ಸುಲಭವಾಗಿತ್ತು! ಬಡ ಮುನಿಸಿಪಾಲಿಟಿಯ ಬಡತನವನ್ನೇ ಅವರು ಲೆಕ್ಕದ ಒಂದು ಅಂಕಿಯಾಗಿ ಹಿಡಿದರು.

ಮುಂದಿನ ಕಥೆ ಎಲ್ಲರಿಗೂ ತಿಳಿದದ್ದು. ಪುಣೆಗೆ ನೀರೊದಗಿಸುವ ಖಡಕವಾಸಲಾ ಕೆರೆಯಲ್ಲಿ ಕೋಡಿ ಹರಿದು ಪೋಲಾಗುತ್ತಿದ್ದ ನೀರನ್ನು, ಕಟ್ಟೆಯನ್ನು ಎತ್ತರಿಸದೆಯೇ ಎಂಟು ಅಡಿಯಷ್ಟು ಹಿಡಿದು ನಿಲ್ಲಿಸುವ ಸ್ವಯಂಚಾಲಿತ ಬಾಗಿಲುಗಳನ್ನು ಅವರು ರಚಿಸಿದರು. ಭಾರತೀಯನೊಬ್ಬನು ಮುಖ್ಯ ಎಂಜಿನಿಯರನಾಗುವ ಆಸೆಯನ್ನು ಇಟ್ಟುಕೊಳ್ಳಲಾಗದ ಕಾಲದಲ್ಲಿ, 1908ರಲ್ಲಿ, ಮುಂಬಯಿಯ ಸೇವೆಯನ್ನು ತಾವಾಗಿಯೇ ಬಿಟ್ಟರು. ಅದೇ ವರ್ಷದ ಮೂಸಿ ನದಿಯ ಮಹಾಪೂರದಿಂದ ಕೆಟ್ಟ ಹೈದರಾಬಾದಿನ ರಕ್ಷಣೆಗೆ ಯೋಜನೆ ಹಾಕಿಕೊಟ್ಟು, 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾದರು. 1912ರಿಂದ 1918ರ ವರೆಗೆ ದಿವಾನರಾಗಿದ್ದರು. 1962ರ ಏಪ್ರಿಲಿನಲ್ಲಿ ಅವರ ದೀರ್ಘಾಯುಷ್ಯ ಮುಗಿಯಿತು.

ಅವರು ಕಣ್ಮರೆಯಾಗಿ ಎರಡು ವರ್ಷಗಳ ಮೇಲೆ, 1964ರಲ್ಲಿ, ಆಲಮಟ್ಟಿಯಲ್ಲಿ ಅಡಿಗಲ್ಲು ಬಿದ್ದಿತು. ನಾರಾಯಣಪುರದ ಜಲಾಶಯದಿಂದ ಹೊರಟ ಎಡದಂಡೆ ಕಾಲುವೆಯ ಒಂದು ಶಾಖೆಗೆ ಇಂಡಿಯ ಹೆಸರೇ ಇದೆ. ಎಂಜಿನಿಯರಿಂಗ್ ಮುಗಿಸಿದ ತರುಣ ತರುಣಿಯರು ಇಂದು ಜಿಲ್ಲಾ ಪಂಚಾಯತಿಯ ಗ್ರಾಮೀಣ ಕುಡಿಯುವ ನೀರಿನ ವಿಭಾಗಕ್ಕೆ ಸೇರಿ ಹಳ್ಳಿಗಳಿಗೆ ಬರುತ್ತಾರೆ. ಅವರ ಪಾಲಿಗೆ ಬರುವುದು ಕೃಷ್ಣರಾಜಸಾಗರವಲ್ಲ. ಒಡೆದ ಕೊಳವೆ, ಬತ್ತಿದ ಕೊಳವೆಬಾವಿ, ಎತ್ತರದ ಓಣಿಗೆ ಏರದ ನೀರು, ಸಾಲದ ಅನುದಾನ, ಮೇಲಿನಿಂದ ಬಂದ ಆಜ್ಞೆ. ಇಂಥ ಕೆಲಸದಲ್ಲಿ ಕೀರ್ತಿಯಿಲ್ಲವೆಂದು ಮನಸ್ಸು ಕುಗ್ಗುವುದು ಸಹಜವೇ.

ಆದರೆ ತಾಂಬಾದ ಓಣಿಯ ಕೊನೆಯ ಮನೆಯಲ್ಲಿ ಕೊಡ ಹಿಡಿದು ಕಾದಿರುವ ತಾಯಿಗೆ ಜಲಾಶಯದ ಉದ್ದಗಲಗಳಿಂದ ಆಗಬೇಕಾದುದೇನು? ತನ್ನ ನಲ್ಲಿಗೆ ನೀರು ಬಂದರೆ ಎಂಜಿನಿಯರು ಇದ್ದಾನೆ, ಬಾರದಿದ್ದರೆ ಇಲ್ಲ. ವಿಶ್ವೇಶ್ವರಯ್ಯನವರು ದೊಡ್ಡ ಕಟ್ಟೆಯನ್ನು ಕಟ್ಟಿ ದೊಡ್ಡವರಾದರೆಂಬ ಮಾತು ಅರ್ಧ ಸತ್ಯ. ಯಾರೂ ನೋಡದ ಹಳ್ಳದ ಕೆಳಗಿನ ಕೊಳವೆಯನ್ನು ಸೋರದಂತೆ ಕೂರಿಸಿದ ಕೈಗಳಿಗೇ ಮುಂದೆ ನಾಡು ಕಾವೇರಿಯನ್ನು ಒಪ್ಪಿಸಿತೆಂಬುದು ಉಳಿದ ಅರ್ಧ.